ದಂಡನಾಯಕತ್ವದಿಂದ ದಾಸತ್ವಕ್ಕೆ: ಶ್ರೀ ಕನಕದಾಸರ ಚರಿತ್ರೆ

ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದ ಸಮಸ್ತವೂ ಆತನ ಅಧೀನವಾದುದು ಎಂಬುದು ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಸಿದ್ಧಾಂತದ ತಿರುಳು. ತತ್ತ್ವಸಂಖ್ಯಾನವೆಂಬ ಪುಟ್ಟ ಪ್ರಕರಣಗ್ರಂಥವು ತತ್ತ್ವವನ್ನು ಸ್ವತಂತ್ರ ಮತ್ತು ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸುವುದರಿಂದಲೇ ಮೊದಲಾಗುತ್ತದೆ. ಪಾಠಶಾಲೆಗೆ ಸೇರಿದ ಬಾಲಕನೂ ಇದನ್ನು ತಡವರಿಸದೆ ಒಪ್ಪಿಸಬಲ್ಲನು. ಆದರೆ ಬಾಯಿಗೆ ಬಂದುದು ಬಾಳಿಗೆ ಬರುವುದು ಅಷ್ಟು ಸುಲಭವಲ್ಲ. ಅಂಗೈಯಗಲದ ಅಧಿಕಾರ ದೊರೆತೊಡನೆಯೇ ನಾವು ಅಸ್ವತಂತ್ರರೆಂಬುದನ್ನು ಮರೆತುಬಿಡುತ್ತೇವೆ. ಈ ಮರೆವನ್ನು ಕಳೆಯಲು ಶಾಸ್ತ್ರವು ಪ್ರಮಾಣವನ್ನು ಕೊಟ್ಟರೆ ಕಾವ್ಯವು ಕಥೆಯನ್ನು ಕೊಡುತ್ತದೆ. ಅಂತಹ ಕಥೆಗಳನ್ನು ಕನ್ನಡಿಗರಿಗೆ ಕೊಟ್ಟವರಲ್ಲಿ, ತಾವೇ ಅಧಿಕಾರವನ್ನು ಅನುಭವಿಸಿ ತಾವೇ ಅದನ್ನು ಇಳಿಸಿಟ್ಟ ಶ್ರೀ ಕನಕದಾಸರ ಸ್ಥಾನ ವಿಶಿಷ್ಟವಾದುದು. ಕಾರ್ತಿಕ ಬಹುಳ ತದಿಗೆಯಂದು ಬರುವ ಅವರ ಜಯಂತಿಯ ನಿಮಿತ್ತ ಆ ಮಹನೀಯರ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಲು ಇಲ್ಲಿ ಯತ್ನಿಸಿದ್ದೇವೆ.

ಅಧಿಕಾರದ ಅನಿತ್ಯತೆಯನ್ನು ಅರಿಯಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯನ್ನು ನೋಡದವರು ನಮ್ಮಲ್ಲಿ ವಿರಳ. ಕೆಂಗ ಹನುಮಪ್ಪನಾಯಕನು ಕಟ್ಟಿಸಿದ ಆ ಕೊಳದ ನಡುವೆ ವಸಂತಮಂಟಪವು ಇಂದಿಗೂ ನೀರಿನಲ್ಲಿ ತನ್ನ ನೆರಳನ್ನು ನೋಡಿಕೊಳ್ಳುತ್ತಾ ನಿಂತಿದೆ. ಅಲ್ಲಿದ್ದ ಶ್ರೀರಂಗನಾಥನ ಆಲಯವು ಮಾತ್ರ ಈಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಅದನ್ನು ಕೆಡವಿಸಿ ಮುಸಾಫಿರಖಾನೆಯನ್ನು ಕಟ್ಟಿಸಿದನು. ಅವನ ಒಡೆಯರ ಬಿಜಾಪುರವೂ ೧೬೮೬ರಲ್ಲಿ ಔರಂಗಜೇಬನ ಕೈಸೇರಿತು. ಚನ್ನಗಿರಿಯಲ್ಲೇ ಹುಟ್ಟಿದ ಧೋಂಡಿಯಾ ವಾಘನು ೧೭೯೯ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ದಂಡನ್ನು ಕೂಡಿಸಿ, ಇಹಪರಗಳೆರಡಕ್ಕೂ ತಾನೇ ಒಡೆಯನೆಂಬರ್ಥದ ಬಿರುದನ್ನು ಧರಿಸಿದನು. ೧೮೦೦ನೆಯ ಇಸವಿಯ ಸೆಪ್ಟೆಂಬರ್ ೧೦ರಂದು ಆಂಗ್ಲ ಸೇನೆಯೊಡನೆ ನಡೆದ ಕಾಳಗದಲ್ಲಿ ಅವನು ಮಡಿದನು. ಎರಡು ಲೋಕಗಳ ಒಡೆತನವು ಎರಡು ವರ್ಷಗಳೂ ನಡೆಯಲಿಲ್ಲ. ಅವನನ್ನು ಸೋಲಿಸಿದ ಆಂಗ್ಲರೂ ೧೯೪೭ರಲ್ಲಿ ದೇಶ ಬಿಟ್ಟರು.

ಇಂತಹ ಏಳುಬೀಳುಗಳನ್ನು ಪುಷ್ಕರಣಿಯ ಮೆಟ್ಟಿಲುಗಳು ಮೌನವಾಗಿ ಸಾರುತ್ತವೆ. ಅವಕ್ಕೆ ಮಾತು ಕೊಟ್ಟವರ ಜನ್ಮಭೂಮಿಯೂ ನಮಗೆ ದೂರವಲ್ಲ. ತುಂಗಭದ್ರೆಯನ್ನು ದಾಟಿ ರಾಣೇಬೆನ್ನೂರಿನ ಮಾರ್ಗವನ್ನು ಹಿಡಿದರೆ ಹಾವೇರಿ ಸೀಮೆ. ಆ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಾಡವೇ ಕನಕದಾಸರ ಜನ್ಮಸ್ಥಳ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯು ಅವರ ಇಷ್ಟದೈವವಾದ ಶ್ರೀ ಆದಿಕೇಶವನ ಸನ್ನಿಧಿ.

ಆ ಕಾಲಕ್ಕೆ ಬಂಕಾಪುರದ ಪ್ರಾಂತವು ವಿಜಯನಗರದ ಅರಸರ ಆಳ್ವಿಕೆಗೆ ಸೇರಿತ್ತು. ಬಾಡದಲ್ಲಿ ಕುರುಬ ಕುಲದ ಬೀರಪ್ಪನಾಯಕ ಮತ್ತು ಬಚ್ಚಮ್ಮ ಎಂಬ ದಂಪತಿಗಳಿದ್ದರು. ಬಹುಕಾಲ ಸಂತಾನವಿಲ್ಲದೆ ತಿರುಪತಿಯ ಶ್ರೀನಿವಾಸನನ್ನು ಬೇಡಿಕೊಂಡು ಪಡೆದ ಮಗನಿಗೆ ತಿಮ್ಮಪ್ಪನೆಂದು ಹೆಸರಿಟ್ಟರೆಂದು ಹಿರಿಯರು ಹೇಳುತ್ತಾರೆ. ಹದಿನಾರನೆಯ ಶತಮಾನದ ಮೊದಲ ದಶಕವು ಅವರ ಜನನಕಾಲವೆಂಬುದು ಸಂಪ್ರದಾಯದ ಎಣಿಕೆ. ಬಾಲ್ಯದಲ್ಲೇ ಅಕ್ಷರವಿದ್ಯೆಯೂ ಶಸ್ತ್ರವಿದ್ಯೆಯೂ ಕೈಗೂಡಿದವು. ತಂದೆಯ ತರುವಾಯ ತಿಮ್ಮಪ್ಪನಾಯಕನೇ ಆ ಸೀಮೆಯ ಡಣ್ಣಾಯಕನಾದನು. ನೆಲವನ್ನು ಅಗೆಯಿಸುವಾಗ ಕೊಪ್ಪರಿಗೆ ಹೊನ್ನು ದೊರೆಯಿತೆಂದೂ ಅದನ್ನು ತನ್ನ ಭೋಗಕ್ಕೆ ಬಳಸದೆ ದೇವಕಾರ್ಯಕ್ಕೂ ದೀನರಿಗೂ ವಿನಿಯೋಗಿಸಿದ್ದರಿಂದ ಜನರು ಕನಕನಾಯಕನೆಂದು ಕರೆದರೆಂದೂ ಪ್ರತೀತಿ ಇದೆ. ಕಾಗಿನೆಲೆಯಲ್ಲಿ ಆದಿಕೇಶವನಿಗೆ ಆಲಯವನ್ನು ಕಟ್ಟಿಸಿದುದು ಈ ಹೊನ್ನಿನಿಂದಲೇ ಎಂದು ನಂಬಲಾಗಿದೆ.

ಹೀಗೆ ಕೀರ್ತಿ, ಧನ, ದಂಡು ಮೂರೂ ಕೂಡಿಬಂದಿದ್ದ ಕಾಲದಲ್ಲಿ ಆದಿಕೇಶವನು ಸ್ವಪ್ನದಲ್ಲಿ ಕಾಣಿಸಿಕೊಂಡು ತನ್ನ ದಾಸನಾಗೆಂದು ಕರೆದನಂತೆ. ನಾಯಕನು ಒಪ್ಪಲಿಲ್ಲ. ದಾಸನಾಗಿ ತಿರಿದುಣ್ಣುವುದು ಆಳುವವನಿಗೆ ಸಲ್ಲದೆಂದು ಅವನ ಅಭಿಮಾನ. ಮುಂದೆ ನಡೆದ ಒಂದು ಘೋರಯುದ್ಧದಲ್ಲಿ ಅವನು ಮೈತುಂಬ ಗಾಯಗೊಂಡು ರಣರಂಗದಲ್ಲಿ ಬಿದ್ದನು. ಸತ್ತನೆಂದು ತಿಳಿದು ಅವನ ಕಡೆಯವರು ಬಿಟ್ಟುಹೋದರು. ನಿನ್ನೆಯವರೆಗೆ ಕಣ್ಸನ್ನೆಗೆ ಓಡಿಬರುತ್ತಿದ್ದವರಲ್ಲಿ ನೀರು ಕೊಡಲು ಒಬ್ಬನೂ ಇರಲಿಲ್ಲ. ಆ ಇರುಳಿನಲ್ಲಿ ಆದಿಕೇಶವನು ಮತ್ತೊಮ್ಮೆ ಬಂದು ಅದೇ ಪ್ರಶ್ನೆಯನ್ನು ಕೇಳಿದನಂತೆ. ಈ ಬಾರಿ ನಾಯಕನು ಒಪ್ಪಿದನು. ಗಾಯಗಳು ಮಾದವು, ಕತ್ತಿಯನ್ನು ಮಾತ್ರ ಆ ಕೈ ಮತ್ತೆ ಹಿಡಿಯಲಿಲ್ಲ. ಕಂಬಳಿ ಹೊದ್ದು ತಂಬೂರಿ ಹಿಡಿದ ಕನಕದಾಸರು ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡತೊಡಗಿದರು.

ದಾಸರಿಗೆ ಮಾರ್ಗದರ್ಶನವನ್ನಿತ್ತ ಗುರುಗಳು ಶ್ರೀ ವ್ಯಾಸರಾಜರು. ಶ್ರೀಕೃಷ್ಣದೇವರಾಯನಿಗೆ ಕುಹುಯೋಗವು ಒದಗಿದಾಗ ಆ ಮಹಾಯತಿಗಳು ಸಿಂಹಾಸನವನ್ನೇರಿ ರಾಜನ ಕಂಟಕವನ್ನು ತಾವು ಎದುರಿಸಿ, ಯೋಗವು ಕಳೆದೊಡನೆ ಪೀಠದಿಂದಿಳಿದರೆಂಬ ಐತಿಹ್ಯವು ನಮ್ಮೆಲ್ಲರ ಮನೆಗಳಲ್ಲಿ ಪ್ರಚಲಿತವಾಗಿದೆ. ಸಿಂಹಾಸನವನ್ನು ಕೆಲವು ಗಳಿಗೆಗಳ ಸೇವೆಯೆಂದು ಸ್ವೀಕರಿಸಿ, ಹಿಂದಿರುಗಿ ನೋಡದೆ ಎದ್ದುಬಂದ ಗುರುಗಳು. ದಂಡನಾಯಕತ್ವವನ್ನು ರಣರಂಗದಲ್ಲೇ ಬಿಟ್ಟುಬಂದ ಶಿಷ್ಯರು. ಈ ಗುರುಶಿಷ್ಯರ ಕೂಟವು ದೈವಘಟನೆಯೇ ಸರಿ.

ಆದರೆ ಮಠದಲ್ಲಿದ್ದ ಪಂಡಿತರೆಲ್ಲರಿಗೂ ಇದು ರುಚಿಸಲಿಲ್ಲವೆಂಬುದನ್ನು ನಾವು ಮುಚ್ಚಿಡಲಾಗದು. ಕುರುಬ ಕುಲದವರೊಬ್ಬರನ್ನು ಗುರುಗಳು ಇಷ್ಟೊಂದು ಆದರಿಸುವುದೇಕೆಂದು ಅವರು ಗೊಣಗಿದರು. ಅವರಿಗೆ ತಿಳಿಯಲೆಂದು ವ್ಯಾಸರಾಜರು ಪ್ರತಿಯೊಬ್ಬ ಶಿಷ್ಯನಿಗೂ ಒಂದೊಂದು ಬಾಳೆಹಣ್ಣನ್ನು ಕೊಟ್ಟು ಯಾರೂ ಕಾಣದ ಕಡೆ ತಿಂದುಬರಲು ಆಜ್ಞಾಪಿಸಿದ ಕಥೆ ಮಕ್ಕಳಿಗೂ ಗೊತ್ತು. ಉಳಿದವರು ಕದದ ಹಿಂದೆ, ಮರದ ಮರೆಯಲ್ಲಿ ತಿಂದು ಬಂದರು. ಶ್ರೀಹರಿಯು ಕಾಣದ ಎಡೆಯೇ ದೊರೆಯಲಿಲ್ಲವೆಂದು ಕನಕದಾಸರು ಹಣ್ಣನ್ನು ಹಿಂದಕ್ಕೆ ತಂದರು. ಮತ್ತೊಮ್ಮೆ ವಿದ್ವತ್ಸಭೆಯಲ್ಲಿ ಮೋಕ್ಷಕ್ಕೆ ಹೋಗುವವರಾರೆಂಬ ಪ್ರಶ್ನೆ ಬಂದಿತು. ಅಲ್ಲಿದ್ದ ಒಬ್ಬೊಬ್ಬರನ್ನೂ ಕುರಿತು ಇಲ್ಲವೆಂದ ದಾಸರು, ತಮ್ಮ ವಿಷಯ ಬಂದಾಗ ನಾನು ಹೋದರೆ ಹೋಗಬಹುದೆಂದರಂತೆ. ಸಭೆಯು ಕೆರಳಿತು. ನಾನು ಎಂಬ ಅಹಂಕಾರವು ತೊಲಗಿದರೆ ಎಂಬುದು ಆ ಮಾತಿನ ಇಂಗಿತವೆಂದು ಗುರುಗಳು ಅರಿತು ಸಂತೋಷಪಟ್ಟರು. ಮಠದಲ್ಲಿನ ಪಾಂಡಿತ್ಯವೂ ಕುಲದ ಹಿರಿಮೆಯೂ ಒಂದು ಬಗೆಯ ಅಧಿಕಾರವೇ. ಅದೂ ಶ್ರೀಹರಿಯ ಮುಂದೆ ನಿಲ್ಲಲಾರದೆಂಬ ಪಾಠವು ಅಂದು ನಡೆಯಿತು. ೧೫೩೯ರಲ್ಲಿ ವ್ಯಾಸರಾಜರು ವೃಂದಾವನಸ್ಥರಾದರು. ಆನೆಗೊಂದಿಯ ನವವೃಂದಾವನದ ಮಧ್ಯದಲ್ಲಿ ಅವರ ಸನ್ನಿಧಿ ಇರುವುದು ಸರ್ವವಿದಿತ.

ಇನ್ನು ದಾಸರ ಕಾವ್ಯಗಳತ್ತ ಬರೋಣ. ಮೋಹನತರಂಗಿಣಿ, ನಳಚರಿತ್ರೆ, ರಾಮಧಾನ್ಯಚರಿತ್ರೆ, ಹರಿಭಕ್ತಿಸಾರ ಎಂಬ ನಾಲ್ಕು ಕೃತಿಗಳು ನಮಗೆ ಉಳಿದುಬಂದಿವೆ. ನೃಸಿಂಹಸ್ತವವೆಂಬುದು ದೊರೆತಿಲ್ಲ. ಕೀರ್ತನೆಗಳೂ ಒಗಟಿನ ರೂಪದ ಮುಂಡಿಗೆಗಳೂ ಬೇರೆ. ಇವುಗಳಲ್ಲಿ ಮೂರು ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ಅಧಿಕಾರವನ್ನು ಕುರಿತು ಆ ಮಾಜಿ ದಂಡನಾಯಕರಿಗಿದ್ದ ದೃಷ್ಟಿಯು ಸ್ಪಷ್ಟವಾಗುತ್ತದೆ.

ಮೋಹನತರಂಗಿಣಿಯು ಸಾಂಗತ್ಯದಲ್ಲಿ ರಚಿತವಾದ ೪೨ ಸಂಧಿಗಳ ಶ್ರೀಕೃಷ್ಣಕಥೆ. ಅದರ ದ್ವಾರಕೆಯ ವರ್ಣನೆಯಲ್ಲಿ ವಿಜಯನಗರದ ವೈಭವವೇ ಮೂಡಿದೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಕಥೆಯಲ್ಲಿ ಬರುವ ಬಾಣಾಸುರನಿಗೆ ಸಾವಿರ ತೋಳುಗಳು. ಅವುಗಳ ತೀಟೆ ತೀರಿಸುವ ಎದುರಾಳಿ ಸಿಕ್ಕಲಿಲ್ಲವೆಂಬುದೇ ಅವನ ಕೊರಗು. ಮಗಳಾದ ಉಷೆಯು ಅನಿರುದ್ಧನನ್ನು ಒಲಿದ ಕಾರಣದಿಂದ ಶ್ರೀಕೃಷ್ಣನೇ ಅವನಿಗೆ ಎದುರಾಗುತ್ತಾನೆ. ಚಕ್ರವು ಆ ತೋಳುಗಳನ್ನು ತರಿದುಹಾಕುತ್ತದೆ. ಆದರೆ ಪರಮಾತ್ಮನು ಬಾಣನ ಪ್ರಾಣವನ್ನು ತೆಗೆಯುವುದಿಲ್ಲ. ಕೆಲವೇ ತೋಳುಗಳೊಡನೆ ಅವನನ್ನು ಉಳಿಸುತ್ತಾನೆ. ಕೈಮುಗಿಯಲು ಸಾವಿರ ತೋಳುಗಳು ಬೇಕಾಗಿಲ್ಲವಷ್ಟೆ.

ನಳಚರಿತ್ರೆಯು ಭಾಮಿನೀ ಷಟ್ಪದಿಯಲ್ಲಿರುವ ಒಂಬತ್ತು ಸಂಧಿಗಳ ಕಾವ್ಯ. ದೇವತೆಗಳನ್ನೂ ಬಿಟ್ಟು ದಮಯಂತಿಯು ವರಿಸಿದ ಅರಸನು ಕಲಿಯ ಪ್ರಭಾವದಿಂದ ಪುಷ್ಕರನೊಡನೆ ಪಗಡೆಯಾಡಿ ರಾಜ್ಯವನ್ನು ಸೋಲುತ್ತಾನೆ. ನಿನ್ನೆಯ ಚಕ್ರವರ್ತಿಯು ಇಂದು ಕಾಡಿನ ಪಾಲು. ಕಟ್ಟಿಕೊಂಡವಳನ್ನು ಮಲಗಿದಲ್ಲೇ ತೊರೆದುಹೋಗುವಷ್ಟು ಬುದ್ಧಿಭ್ರಮೆ. ಕಾರ್ಕೋಟಕನು ಕಚ್ಚಿ ರೂಪವೂ ಹೋಗುತ್ತದೆ. ಆಮೇಲೆ ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿ ಮತ್ತೊಬ್ಬನ ಕುದುರೆಗಳನ್ನು ಉಜ್ಜುತ್ತಾನೆ. ಛತ್ರದ ಕೆಳಗೆ ಕುಳಿತು ಕಲಿಯಲಾಗದ ಪಾಠವನ್ನು ಅವನು ಲಾಯದಲ್ಲಿ ನಿಂತು ಕಲಿಯುತ್ತಾನೆ. ಅಲ್ಲಿ ಮಾಗಿದ ನಂತರವೇ ರಾಜ್ಯವೂ ರಾಣಿಯೂ ಅವನಿಗೆ ಮರಳಿ ದೊರೆಯುತ್ತಾರೆ. ಯುದ್ಧದಲ್ಲಿ ಬಿದ್ದು ಒಬ್ಬಂಟಿಯಾಗಿ ಒಂದು ಇರುಳನ್ನು ಕಳೆದ ಕವಿಯು ಈ ಕಥೆಯನ್ನೇ ಆರಿಸಿಕೊಂಡುದು ನಮಗೆ ಆಕಸ್ಮಿಕವೆಂದು ತೋರುವುದಿಲ್ಲ.

ರಾಮಧಾನ್ಯಚರಿತ್ರೆಯಂತೂ ನಮ್ಮ ಜಿಲ್ಲೆಗೆಂದೇ ಬರೆದಂತಿದೆ. ಲಂಕೆಯಿಂದ ಮರಳುವ ಶ್ರೀರಾಮನು ಋಷ್ಯಾಶ್ರಮದಲ್ಲಿ ತಂಗಿದಾಗ ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಚರ್ಚೆ ಹುಟ್ಟುತ್ತದೆ. ನರೆದಲೆಗವೆಂಬ ರಾಗಿಯನ್ನು ಹೊಗಳಿದುದಕ್ಕೆ ಭತ್ತವು ಸಿಡಿದೇಳುತ್ತದೆ. ಯಜ್ಞಕ್ಕೂ ಅಕ್ಷತೆಗೂ ಅರಮನೆಯ ಊಟಕ್ಕೂ ಸಲ್ಲುವ ತನಗೆ ಕೀಳುಜನರ ಆಹಾರವು ಸಮನೇ ಎಂಬುದು ಅದರ ವಾದ. ಬರಗಾಲದಲ್ಲಿ ಲೋಕದ ಪ್ರಾಣ ಕಾಯುವವನು ತಾನೆಂದು ರಾಗಿಯು ಉತ್ತರಿಸುತ್ತದೆ. ಶ್ರೀರಾಮನು ಮಾತಿನಿಂದ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತೀರಿ ಹೊರತೆಗೆದಾಗ ಭತ್ತವು ಕಳೆಗುಂದಿದೆ. ರಾಗಿಯು ಗಟ್ಟಿಯಾಗಿಯೇ ಇದೆ. ರಾಘವನು ತನ್ನ ಹೆಸರನ್ನೇ ಅದಕ್ಕೆ ಅನುಗ್ರಹಿಸುತ್ತಾನೆ. ಸೋತ ಭತ್ತವನ್ನೂ ಕೈಬಿಡದೆ ಸಂತೈಸಿ ಎರಡೂ ಕೂಡಿ ಬಾಳುವಂತೆ ಹೇಳಿ ಕಳುಹುತ್ತಾನೆ.

ಭದ್ರೆಯ ನಾಲೆಯ ನೀರುಂಡು ಭತ್ತ ಬೆಳೆಯುವ ಹೊನ್ನಾಳಿ ಮತ್ತು ಚನ್ನಗಿರಿಯ ಗದ್ದೆಗಳೂ, ಮುಗಿಲನ್ನೇ ನೋಡುತ್ತಾ ಕುಳಿತುಕೊಳ್ಳುವ ಜಗಳೂರಿನ ಒಣಹೊಲಗಳೂ ಒಂದೇ ಜಿಲ್ಲೆಯಲ್ಲಿವೆ. ಗದ್ದೆಯವರು ಬೆದ್ದಲಿನವರನ್ನು ಕಂಡು ಕೊಂಚ ಮೂಗು ಮುರಿಯುವುದನ್ನು ಸಂಬಂಧ ಬೆಳೆಸುವ ಮಾತುಕತೆಗಳಲ್ಲಿ ನಾವು ಕೇಳಿದ್ದೇವೆ. ನಾಲೆಯು ನಿನ್ನೆ ಬಂದುದು. ಆ ನೀರು ಇಲ್ಲದಿದ್ದ ಕಾಲದಲ್ಲಿ ಮನೆಯ ಕಣಜದಲ್ಲಿ ಏನಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿದವರು ರಾಮಧಾನ್ಯವನ್ನು ಓದಿ ನಗಲಾರರು. ಜಿಲ್ಲೆಯ ಎಲ್ಲೆಗಳಾದರೂ ಶಾಶ್ವತವೇ? ೧೯೯೭ರವರೆಗೆ ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದುದು ಇತ್ತೀಚೆಗೆ. ಅಂದು ಯಾವ ಕಚೇರಿಯ ಮೆಟ್ಟಿಲುಗಳನ್ನು ನಡುಗುತ್ತಾ ಹತ್ತುತ್ತಿದ್ದೆವೋ ಆ ಕಚೇರಿಗೆ ಇಂದು ನಮ್ಮ ಮೇಲೆ ಅಧಿಕಾರವಿಲ್ಲ.

ಈ ಮೂರು ಕಥೆಗಳಲ್ಲಿಯೂ ಒಂದು ಸಾಮ್ಯವನ್ನು ವಾಚಕರು ಗಮನಿಸಿರಬಹುದು. ಬಾಣನು ಸಾಯಲಿಲ್ಲ, ನಳನು ನಾಶವಾಗಲಿಲ್ಲ, ಭತ್ತವನ್ನು ತಿಪ್ಪೆಗೆಸೆಯಲಿಲ್ಲ. ಅಧಿಕಾರವು ಅನಿತ್ಯವೆಂದು ಹೇಳಿದ ಕವಿಗಳು ಅನೇಕರಿದ್ದಾರೆ. ಅನಿತ್ಯವಾದುದರಿಂದ ತುಚ್ಛವೆಂದು ಕೆಲವರು ಹಳಿದರು. ಕನಕದಾಸರು ಹಾಗೆ ಹಳಿಯಲಿಲ್ಲ. ಅದು ಒಡೆಯನೊಬ್ಬನು ಎರವಲು ಕೊಟ್ಟ ಒಡವೆ. ಎರವಲೆಂಬುದನ್ನು ಮರೆತವನಿಂದ ಅವನು ಅದನ್ನು ಕಿತ್ತುಕೊಳ್ಳುತ್ತಾನೆ. ನೆನಪು ಬಂದವನಿಗೆ ಸೇವೆಗೆ ಬೇಕಾದಷ್ಟನ್ನು ಹಿಂದಕ್ಕೆ ಕೊಡುತ್ತಾನೆ. ಇದು ಸ್ವತಂತ್ರ, ಅಸ್ವತಂತ್ರ ಎಂಬ ತತ್ತ್ವವಿಭಾಗವೇ ಕಥೆಯ ರೂಪದಲ್ಲಿ ಬಂದುದು. ಪಾಠಶಾಲೆಯಲ್ಲಿ ತತ್ತ್ವಸಂಖ್ಯಾನವನ್ನು ಓದಿದ ನಾವು ಅನಂತರ ಬಿ.ಎ. ತರಗತಿಯಲ್ಲಿದ್ದಾಗ ನಳಚರಿತ್ರೆಯನ್ನು ಓದಿದೆವು. ಎರಡೂ ಒಂದೇ ಪಾಠವೆಂದು ಹೊಳೆಯಲು ಮತ್ತೂ ಹತ್ತು ವರ್ಷಗಳು ಬೇಕಾದವು.

ದಾಸರ ಜೀವಿತಕಾಲದಲ್ಲೇ ಈ ಪಾಠಕ್ಕೆ ಲೋಕವು ಭಯಂಕರವಾದ ಸಾಕ್ಷ್ಯವನ್ನು ಒದಗಿಸಿತು. ರಕ್ತಾಕ್ಷಿ ಸಂವತ್ಸರದ ಪುಷ್ಯ ಅಮಾವಾಸ್ಯೆಯಂದು ಶ್ರೀ ಪುರಂದರದಾಸರು ಹರಿಪಾದವನ್ನು ಸೇರಿದರು. ಅದೇ ಸಂವತ್ಸರದಲ್ಲಿ, ೧೫೬೫ರ ಜನವರಿಯಲ್ಲಿ, ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದನು. ದ್ವಾರಕೆಯ ವರ್ಣನೆಗೆ ಮಾದರಿಯಾಗಿದ್ದ ಆ ಮಹಾನಗರವು ಕೆಲವೇ ತಿಂಗಳುಗಳಲ್ಲಿ ಹಾಳುಸುರಿಯಿತು. ಕನಕದಾಸರು ಆ ಬಳಿಕವೂ ಬಹುಕಾಲ ಬಾಳಿದರೆಂದು ಸಂಪ್ರದಾಯವು ಹೇಳುತ್ತದೆ. ಊರೂರು ಅಲೆದು ಹಾಡಿದ ಕೀರ್ತನೆಗಳಲ್ಲಿ ಅವರು ಅರಸನನ್ನೂ ಆಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎಲ್ಲರ ಓಡಾಟದ ಹಿಂದಿರುವ ಹಸಿವೆಯನ್ನು ತೋರಿಸಿದರು. ಹರಿಭಕ್ತಿಸಾರದಲ್ಲಿಯಾದರೋ ತಮ್ಮ ರಕ್ಷಣೆಯನ್ನು ಬೇಡುವ ಸ್ವರವೊಂದೇ ಉಳಿಯಿತು. ಒಂದು ಕಾಲದಲ್ಲಿ ಸೀಮೆಗೆ ರಕ್ಷಣೆ ಕೊಡುತ್ತಿದ್ದವರ ಪ್ರಾರ್ಥನೆಯಿದು ಎಂಬುದನ್ನು ನೆನೆದು ಪಾರಾಯಣ ಮಾಡಿದರೆ ಅದರ ಅರ್ಥವು ಇಮ್ಮಡಿಸುತ್ತದೆ.

ಉಡುಪಿಯ ಪ್ರಸಂಗವನ್ನು ಹೇಳದೆ ಈ ಚರಿತ್ರೆಯು ಪೂರ್ಣವಾಗದು. ಶ್ರೀ ವಾದಿರಾಜರ ಕಾಲದಲ್ಲಿ ಅಲ್ಲಿಗೆ ಹೋದ ದಾಸರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಹೊರಗೆ ನಿಂತು ಮೊರೆಯಿಟ್ಟಾಗ ಶ್ರೀಕೃಷ್ಣನು ಗೋಡೆಯ ಬಿರುಕಿನ ಮೂಲಕ ದರ್ಶನವಿತ್ತನೆಂಬುದು ಭಕ್ತರ ನಂಬಿಕೆ. ಕನಕನ ಕಿಂಡಿಯೆಂದು ಪ್ರಸಿದ್ಧವಾದುದು ಅದೇ. ಅದೇ ವಾದಿರಾಜರು ಎರಡು ತಿಂಗಳುಗಳಿದ್ದ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿ ವ್ಯವಸ್ಥೆಗೊಳಿಸಿದರು. ಪೂಜಾಧಿಕಾರವು ಎಷ್ಟು ದೊಡ್ಡದಾದರೂ ಅವಧಿ ಮುಗಿದ ದಿನ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಬೀಗದ ಕೈಗಳನ್ನೂ ಮತ್ತೊಬ್ಬರಿಗೆ ಒಪ್ಪಿಸಿ ಏಳಲೇಬೇಕು. ಪರ್ಯಾಯಪೀಠವನ್ನೇರಲು ಮೆರವಣಿಗೆಯಲ್ಲಿ ಬರುವ ಯತಿಗಳು ಮಠದ ಒಳಗೆ ಅಡಿಯಿಡುವುದಕ್ಕೆ ಮುನ್ನ ಕನಕನ ಕಿಂಡಿಯ ಮುಂದೆ ನಿಂತು ಅದರ ಮೂಲಕವೇ ಮೊದಲು ಕೃಷ್ಣದರ್ಶನವನ್ನು ಮಾಡುತ್ತಾರೆ. ಒಳಗೆ ಬಿಡದೆ ನಿಲ್ಲಿಸಿದ ಆ ದಿನದ ಅಧಿಕಾರಿಗಳ ಹೆಸರನ್ನು ಇಂದು ಯಾರೂ ಹೇಳುವುದಿಲ್ಲ. ಹೊರಗೆ ನಿಂತವರ ಹೆಸರಿನ ಕಿಂಡಿಗೆ ಪೀಠಾಧಿಪತಿಗಳೂ ಬಾಗುತ್ತಾರೆ.

ಇಷ್ಟನ್ನು ಬರೆಯುವಾಗ ನಮ್ಮದೇ ಒಂದು ನೆನಪು ಕಾಡುತ್ತದೆ. ನಮ್ಮ ಬಾಲ್ಯದಲ್ಲಿ ತಂದೆಯವರು ಅರ್ಚಕರಾಗಿದ್ದ ದೇವಾಲಯದಲ್ಲಿ ಉತ್ಸವದ ದಿನ ಮೊದಲ ತೀರ್ಥವು ಯಾರಿಗೆ ಸಲ್ಲಬೇಕೆಂದು ಎರಡು ಮನೆತನಗಳಿಗೆ ವಿವಾದ ಹತ್ತಿತು. ಬೆಳಗಿನ ರಥವು ಮಧ್ಯಾಹ್ನದವರೆಗೆ ಕದಲಲಿಲ್ಲ. ತಂದೆಯವರು ತೀರ್ಥದ ಪಾತ್ರೆಯನ್ನು ಹಿಡಿದು ನಿಂತೇ ಇದ್ದರು. ಹೊರಗೆ ಬಿಸಿಲಿನಲ್ಲಿ ಹಗ್ಗ ಹಿಡಿಯಲು ಬಂದ ಜನರು ಕಾಯುತ್ತಿದ್ದರು. ಅವರಿಗೂ ತೀರ್ಥ ಬೇಕೆಂದು ಒಳಗಿದ್ದ ಯಾರಿಗೂ ತೋಚಲಿಲ್ಲ. ಇಷ್ಟು ಜನರನ್ನು ನಿಲ್ಲಿಸಿದ ಪಾತ್ರೆಯು ನಮ್ಮ ತಂದೆಯ ಕೈಯಲ್ಲಿದೆಯೆಂದು ಬಾಲಕರಾಗಿದ್ದ ನಾವು ಒಳಗೊಳಗೇ ಹೆಮ್ಮೆಪಟ್ಟುದನ್ನು ಈಗ ನಾಚಿಕೆಯಿಂದ ನೆನೆಯುತ್ತೇವೆ. ಇಂದು ಆ ಎರಡು ಮನೆಗಳಿಗೂ ಬೀಗ ಬಿದ್ದಿದೆ. ಅಂದು ಗೆದ್ದವರಾರೆಂಬುದು ನಮಗೂ ಸರಿಯಾಗಿ ನೆನಪಿಲ್ಲ.

ಆದುದರಿಂದ ಆಸ್ತಿಕ ಮಹಾಶಯರಲ್ಲಿ ನಮ್ಮದೊಂದು ವಿನಂತಿ. ಬರುವ ಕಾರ್ತಿಕ ಬಹುಳ ತದಿಗೆಯಂದು ಮನೆಯಲ್ಲಿ ಹರಿಭಕ್ತಿಸಾರದ ಪಾರಾಯಣವಾಗಲಿ. ಮಕ್ಕಳಿಗೆ ರಾಮಧಾನ್ಯದ ಕಥೆಯನ್ನು ಹೇಳಿರಿ. ನೈವೇದ್ಯಕ್ಕೆ ಭತ್ತದ ಅನ್ನದೊಡನೆ ರಾಗಿಯದೂ ಒಂದು ಭಕ್ಷ್ಯವಿರಲಿ. ಅಂದು ತೀರ್ಥಕ್ಕೆ ಕೈಯೊಡ್ಡುವಾಗ ನಮ್ಮ ಹಿಂದೆ ನಿಂತವರಿಗೆ ಒಂದು ಹೆಜ್ಜೆ ದಾರಿ ಬಿಡೋಣ. ಪಾತ್ರೆಯನ್ನು ಹಿಡಿದ ಕೈಯೂ ಒಡ್ಡಿದ ಕೈಯೂ ಎರವಲಿನವೇ. ಕೊಟ್ಟವನು ಕಾಗಿನೆಲೆಯ ಆದಿಕೇಶವನು, ಉಡುಪಿಯ ಕೃಷ್ಣನು, ನಮ್ಮ ನಮ್ಮ ಊರಿನ ಗುಡಿಯಲ್ಲಿ ನೆಲೆಸಿದ ಅದೇ ಸ್ವಾಮಿಯು.

ಶ್ರೀಕೃಷ್ಣಾರ್ಪಣಮಸ್ತು